ಪಡುಗಡಲಿನಲ್ಲಿ ಒಂದು ಪೂರ್ತಿ ಹಗಲು

ಮುಂಬೈ ಬಂದರಿನಿಂದ ಸಂಜೆ ಐದರ ಸುಮಾರಿಗೆ ಲಕ್ಷದ್ವೀಪಕ್ಕೆ ಹೊರಟ ಹಡಗು ಮರುದಿನ ಬೆಳಗಾಗುವಾಗ ಮಾಲವಣದ ನೇರಕ್ಕೆ ಬಂದಿರುತ್ತದೆ. ತಿಂಡಿ ಮುಗಿಸಿ ಡೆಕ್ಕಿಗೆ ಬರುವಷ್ಟರಲ್ಲಿ ಗೋವಾ. ಊಟಕ್ಕೆ ಕೂರುವಾಗ ಕಾರವಾರ. ನಾಲ್ಕು ಗಂಟೆಯ ಚಹಾಕ್ಕೆ ಭಟ್ಕಳ, ಸೂರ್ಯ ಮುಳುಗುವಾಗ ಉಡುಪಿ, ರಾತ್ರಿ ಊಟ ಮುಗಿಯುವಾಗ ಮಂಗಳೂರು. ಹೀಗೆ ಕರ್ನಾಟಕದ ಕರಾವಳಿಯೆಲ್ಲ ಒಂದು ಮಧ್ಯಾಹ್ನ ಮತ್ತು ಒಂದು ಸಂಜೆಯಲ್ಲಿ ಎಡಮಗ್ಗುಲಿನಲ್ಲಿ ಹಾದುಹೋಗುತ್ತದೆ. ಇವುಗಳಲ್ಲಿ ಒಂದೂರೂ ಕಣ್ಣಿಗೆ ಬೀಳುವುದಿಲ್ಲ.

ಲೆಕ್ಕ ಸರಳ. ಮುಂಬೈಯಿಂದ ಲಕ್ಷದ್ವೀಪದ ಅಗತ್ತಿಗೆ ಸುಮಾರು 490 ನಾಟಿಕಲ್ ಮೈಲಿ, ಅಂದರೆ 900 ಕಿ.ಮೀ.ಗೂ ತುಸು ಹೆಚ್ಚು. ದಾರಿ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ. ಮೂರನೆಯ ದಿನ ಬೆಳಿಗ್ಗೆ ತಲುಪಿದರೆ ಸಾಕಾದ್ದರಿಂದ ಹಡಗಿಗೆ ಅವಸರವಿಲ್ಲ. ಗಂಟೆಗೆ 13 ನಾಟಿಕಲ್ ಮೈಲಿ ಸಾಗಿದರೂ ನಡೆಯುತ್ತದೆ; ಊರಿನ ರಸ್ತೆಯಲ್ಲಿ ಸ್ಕೂಟರ್ ಕೂಡ ಅದಕ್ಕಿಂತ ಜೋರಾಗಿ ಓಡೀತು. ನಮ್ಮ ಕರಾವಳಿಯಾದರೋ ದಕ್ಷಿಣಕ್ಕೆ ಹೋದಂತೆ ಪೂರ್ವಕ್ಕೆ ಬಾಗುತ್ತದೆ. ನೇರ ದಾರಿ ಹಿಡಿದ ಹಡಗು ಕಾರವಾರದ ಮಟ್ಟದಲ್ಲಿ ದಡದಿಂದ 150 ಕಿ.ಮೀ.ಗಿಂತ ದೂರದಲ್ಲಿರುತ್ತದೆ, ಮಂಗಳೂರಿನ ಮಟ್ಟದಲ್ಲಿ ಈ ದೂರ 250 ಕಿ.ಮೀ.ಯ ಆಸುಪಾಸಿಗೆ ಹೋಗುತ್ತದೆ. ನೀರಿನಿಂದ 30 ಮೀಟರ್ ಎತ್ತರದಲ್ಲಿ ನಿಂತವರಿಗೆ ದಿಗಂತ ಕಾಣುವುದು ಸುಮಾರು 20 ಕಿ.ಮೀ. ದೂರದಲ್ಲಿ. ಅದರಾಚೆಗಿನದು ಭೂಮಿಯ ಬಾಗಿನಲ್ಲಿ ಮರೆ. ಹಾಗಾಗಿ ದಿನವಿಡೀ ಸುತ್ತ ಒಂದೇ ನೀರಿನ ವೃತ್ತ, ಅದರ ನಡುವೆ ಹಡಗು. ವೃತ್ತ ನಮ್ಮೊಂದಿಗೇ ಚಲಿಸುತ್ತದೆ, ಅಂಚು ಎಂದೂ ಹತ್ತಿರವಾಗುವುದಿಲ್ಲ.

ಕ್ರೂಸ್ ಹಡಗಿನವರು ಇಂಥ ದಿನಕ್ಕೆ 'ಸೀ ಡೇ' ಎನ್ನುತ್ತಾರೆ. ಎಲ್ಲೂ ಇಳಿಯುವುದಿಲ್ಲ, ನೋಡಲು ಗುಡಿ ಗೋಪುರಗಳಿಲ್ಲ, ತಲುಪಬೇಕಾದ ಊರಿಲ್ಲ. ಟಿಕೆಟ್ ಕೊಳ್ಳುವಾಗ ಅನೇಕರು ಇದನ್ನು ದ್ವೀಪ ಸೇರುವವರೆಗೆ ಸಹಿಸಬೇಕಾದ ದಿನ ಎಂದುಕೊಳ್ಳುತ್ತಾರೆ. ನನಗೆ ಇಡೀ ಯಾನದ ತಿರುಳೇ ಈ ದಿನ. ದ್ವೀಪಕ್ಕೆ ವಿಮಾನದಲ್ಲೂ ಹೋಗಬಹುದು. ಅರಬ್ಬಿ ಸಮುದ್ರದ ನಡುವೆ ಏನೂ ಮಾಡದೆ ಒಂದು ಹಗಲು ಕೂರಲು ಬೇರೆ ಉಪಾಯವಿಲ್ಲ.

ಈ ದಾರಿಯಲ್ಲಿ ಓಡುವ ಹಡಗು ಕಾರ್ಡೇಲಿಯಾ ಕ್ರೂಸಸ್‌ನ 'ಎಂಪ್ರೆಸ್'. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಯಾನ ಆರಂಭಿಸಿದ ಇದು ಫ್ರಾನ್ಸಿನ ಸ್ಯಾನ್ ನಜೇರ್‌ನಲ್ಲಿ ಕಟ್ಟಿದ್ದು, ಸೇವೆಗೆ ಬಂದದ್ದು 1990ರಲ್ಲಿ. ಆಗ ಹೆಸರು 'ನಾರ್ಡಿಕ್ ಎಂಪ್ರೆಸ್'. ಅಮೆರಿಕದ ಮಿಯಾಮಿಯಿಂದ ಬಹಾಮಾಸ್‌ಗೆ ಮೂರು ನಾಲ್ಕು ದಿನ ಹೋಗಿಬರುವವರಿಗಾಗಿಯೇ ರಾಯಲ್ ಕೆರಿಬಿಯನ್ ಕಂಪೆನಿ ಇದನ್ನು ಇಳಿಸಿತ್ತು. ಆಮೇಲೆ ಸ್ಪೇನಿನ ಕಂಪೆನಿಯ ಕೈಯಲ್ಲಿ ಕೆಲವು ವರ್ಷ ಇತ್ತು, ಮತ್ತೆ ಮೊದಲಿನವರಿಗೆ ಮರಳಿತು, 2017ರಲ್ಲಿ ಆ ಕಂಪೆನಿಯ ಹಡಗುಗಳಲ್ಲೇ ಮೊದಲನೆಯದಾಗಿ ಕ್ಯೂಬಾದ ಹವಾನಾ ಬಂದರಿಗೆ ಹೋಯಿತು. 211 ಮೀಟರ್ ಉದ್ದ, 48 ಸಾವಿರ ಟನ್ನಿಗೂ ಮೀರಿದ ಗಾತ್ರ. ಇಂದಿನ ದೈತ್ಯ ಹಡಗುಗಳ ಪಕ್ಕದಲ್ಲಿ ಇದು ಚಿಕ್ಕದು. ಆ ಚಿಕ್ಕತನವೇ ಒಳ್ಳೆಯದು: ನೀರು ತೀರ ಕೆಳಗೆ, ತೀರ ದೂರ ಅನ್ನಿಸುವುದಿಲ್ಲ.

ಹೊರಡುವ ಮುನ್ನ ಎಲ್ಲರೂ ಸುರಕ್ಷತೆಯ ಅಭ್ಯಾಸಕ್ಕೆ ಬರಲೇಬೇಕು. ಏಳು ಸಲ ಗಿಡ್ಡ, ಒಂದು ಸಲ ಉದ್ದ ಸೈರನ್ ಕೇಳಿದರೆ ನಿಗದಿಯಾದ ಜಾಗದಲ್ಲಿ ಸೇರಬೇಕು, ಜಾಕೆಟ್ ಹೀಗೆ ಕಟ್ಟಿಕೊಳ್ಳಬೇಕು ಎಂದು ಕಲಿಸುತ್ತಾರೆ. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆಗ ಹಿಂದಿನ ಬಂದರಿನಲ್ಲಿ ಹತ್ತಿದ್ದ ನೂರಾರು ಮಂದಿಗೆ ಈ ಪಾಠ ಇನ್ನೂ ಆಗಿರಲಿಲ್ಲ. ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಅಭ್ಯಾಸ ಆಗಲೇಬೇಕೆಂಬ ನಿಯಮ 2015ರಿಂದ ಜಾರಿಗೆ ಬಂತು. ಸೆಲ್ಫಿಯ ಸಂಭ್ರಮದಲ್ಲಿರುವವರು ಈ ಹತ್ತು ನಿಮಿಷ ಕಿವಿಗೊಟ್ಟು ಕೇಳಬೇಕು.

ಬೆಳಿಗ್ಗೆ ಆರಕ್ಕೆ ಡೆಕ್ಕಿಗೆ ಹೋಗಿ. ಆಗ ಅಲ್ಲಿ ಡೆಕ್ ತೊಳೆಯುವವರು, ನಡಿಗೆಯ ಅಭ್ಯಾಸ ಬಿಡಲಾರದ ಹಿರಿಯರು, ನಿದ್ದೆ ಬಾರದ ಮಕ್ಕಳು ಮಾತ್ರ. ಹಲಗೆ ಇಬ್ಬನಿಯಿಂದ ಒದ್ದೆ, ರೇಲಿಂಗ್ ಹಿಡಿದರೆ ಉಪ್ಪಿನ ಅಂಟು. ಕಡಲಿನ ಬಣ್ಣ ಬದಲಾಗುವುದನ್ನು ನೋಡಲು ಇದೇ ಹೊತ್ತು. ಹಿಂದಿನ ಸಂಜೆ ಮುಂಬೈಯಲ್ಲಿ ಕೆಸರು ಬೆರೆತ ಹಸಿರಾಗಿದ್ದ ನೀರು ಈಗ ತಿಳಿಯಾಗತೊಡಗುತ್ತದೆ. ಮುಂಬೈಯ ಎದುರು ಕಡಲತಳ ಸುಮಾರು 300 ಕಿ.ಮೀ.ವರೆಗೆ ಆಳವಿಲ್ಲದ ಜಗಲಿಯಂತೆ ಚಾಚಿಕೊಂಡಿದೆ. ದಕ್ಷಿಣಕ್ಕೆ ಬಂದಂತೆ ಆ ಜಗಲಿ ಕಿರಿದಾಗುತ್ತದೆ. ನೇರ ದಕ್ಷಿಣಕ್ಕೆ ಇಳಿಯುವ ಹಡಗು ಗೋವಾ ಕಳೆಯುವ ಹೊತ್ತಿಗೆ ಅದರ ಅಂಚು ದಾಟಿ ಸಾವಿರಾರು ಅಡಿ ಆಳದ ಮೇಲೆ ಇರುತ್ತದೆ. ಅಂಚು ದಾಟಿದ ಮೇಲಿನ ನೀಲಿಯೇ ಬೇರೆ. ಮಲ್ಪೆಯಲ್ಲೋ ಗೋಕರ್ಣದಲ್ಲೋ ದಡದಲ್ಲಿ ನಿಂತು ಕಡಲು ಕಂಡವರಿಗೆ ಆ ಕಡುನೀಲಿಯ ಕಲ್ಪನೆಯೇ ಇರುವುದಿಲ್ಲ. ಹಡಗಿನ ಮೂತಿ ನೀರು ಸೀಳುವಲ್ಲಿ ದೃಷ್ಟಿ ನೆಟ್ಟರೆ ಹಾರುಮೀನುಗಳು ಕಾಣಸಿಗಬಹುದು. ಬೆರಳುದ್ದದ ಬೆಳ್ಳಿಗೆರೆಗಳು ನೀರಿನಿಂದ ಹೊರಬಿದ್ದು ಅಲೆಯ ಮೇಲೆಯೇ ತೇಲಿ ದೂರ ಹೋಗಿ ಮತ್ತೆ ಮುಳುಗುತ್ತವೆ. ಅದೃಷ್ಟವಿದ್ದರೆ ಡಾಲ್ಫಿನ್‌ಗಳೂ ಜೊತೆಯಾಗುತ್ತವೆ.

ಎಂಟರ ನಂತರ ಹಡಗು ಎಚ್ಚರಾಗುತ್ತದೆ. ಬಫೆಯಲ್ಲಿ ಇಡ್ಲಿ ದೋಸೆಯಿಂದ ಪರಾಠದವರೆಗೆ, ಜೈನರಿಗೆ ಬೇರೆ ಅಡುಗೆ. ಈಜುಕೊಳದ ಸುತ್ತ ಹಿಂದಿ ಸಿನಿಮಾ ಹಾಡು, ಕುಣಿತ, ಬಿಂಗೊ. ಒಳಗೆ ಕ್ಯಾಸಿನೊ, ನಾಟಕಶಾಲೆ, ಮಕ್ಕಳ ಆಟದ ಕೋಣೆ. ಇದೆಲ್ಲ ಬೇಕಾದವರಿಗೆ ಬೇಕು. ಮೂರು ತಲೆಮಾರು ಒಟ್ಟಿಗೆ ಬಂದ ಕುಟುಂಬಗಳಲ್ಲಿ ಅಜ್ಜಿ ಮೊಮ್ಮಗಳೊಂದಿಗೆ ಕುಣಿಯುವುದನ್ನು ಕಂಡಾಗ ಸಂತೋಷವೇ ಆಗುತ್ತದೆ. ಊರಿನಲ್ಲಿ ಆಕೆ ಹಾಗೆ ಕುಣಿಯುತ್ತಿರಲಿಲ್ಲವೇನೋ. ಆದರೂ ಇವೆಲ್ಲ ನೆಲದ ಮೇಲೂ ಸಿಗುವಂಥವು. ಇಲ್ಲಿ ಮಾತ್ರ ಸಿಗುವುದು ಹಡಗಿನ ಹಿಂಬದಿಯಲ್ಲಿದೆ. ಅಲ್ಲಿ ಕುರ್ಚಿ ಎಳೆದುಕೊಂಡು ಕೂತರೆ ಹಡಗು ಬಿಟ್ಟುಬಂದ ನೊರೆಯ ದಾರಿ ಉತ್ತರಕ್ಕೆ ನೆಟ್ಟಗೆ ಚಾಚಿರುತ್ತದೆ. ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ದುಡ್ಡು ಕೊಟ್ಟರೆ ವೈಫೈ ಸಿಗುತ್ತದೆ; ಕೊಡದಿರುವುದೇ ಮೇಲು. ಮೊದಲ ಗಂಟೆ ಕೈ ಸುಮ್ಮನೆ ಜೇಬಿಗೆ ಹೋಗುತ್ತದೆ, ಊಟದ ಹೊತ್ತಿಗೆ ಅದೂ ನಿಲ್ಲುತ್ತದೆ. ಗಾಳಿ ದಿಕ್ಕು ಬದಲಿಸಿದ್ದು, ಮೋಡದ ನೆರಳು ನೀರಿನ ಮೇಲೆ ಹರಿದದ್ದು ಇಂಥವೆಲ್ಲ ಆಮೇಲೆ ಗಮನಕ್ಕೆ ಬರತೊಡಗುತ್ತವೆ.

ಕಾರವಾರದ ನೇರ ಬರುವಾಗ ಈ ನೀರಿನ ಹಳೆಯ ಪ್ರಯಾಣಿಕರು ನೆನಪಾಗದೆ ಇರರು. ರಸ್ತೆಗಳು ಹೊಳೆ ಹೊಳೆಗೂ ತುಂಡಾಗುತ್ತಿದ್ದ, ರೈಲಿಲ್ಲದ ಕಾಲದಲ್ಲಿ ಕೆನರಾದವರು ಮುಂಬೈಗೆ ಹೋಗುತ್ತಿದ್ದದ್ದು ಆಗಬೋಟಿನಲ್ಲಿ, ಅಂದರೆ ಉಗಿಹಡಗಿನಲ್ಲಿ. ಮಂಗಳೂರು, ಹೊನ್ನಾವರ, ಕುಮಟೆ, ಕಾರವಾರಗಳಲ್ಲಿ ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು. ಜನ ದೋಣಿಯಲ್ಲಿ ಹೋಗಿ, ತೂಗುವ ಏಣಿ ಹಿಡಿದು ಹತ್ತಬೇಕಿತ್ತು. ಹೋಟೆಲಿನಲ್ಲಿ ಲೋಟ ತೊಳೆಯಲು ಹೊರಟ ಹುಡುಗರು, ಗಿರಣಿ ಸೇರುವವರು, ಗುಮಾಸ್ತರಾಗಲು ಇಂಗ್ಲಿಷ್ ಕಲಿತವರು ಬಯಲು ಡೆಕ್ಕಿನಲ್ಲಿ ಚಾಪೆ ಹಾಸಿ, ಬುತ್ತಿಗಂಟು ತಲೆದಿಂಬಾಗಿಸಿ ಮಲಗುತ್ತಿದ್ದರು. ಮಳೆಗಾಲದಲ್ಲಿ ಆಗಬೋಟು ನಿಂತರೆ ದಾರಿಯೇ ಬಂದ್. ಮುಂಬೈಯ ಉಡುಪಿ ಹೋಟೆಲುಗಳ, ಅಲ್ಲಿನ ಕನ್ನಡ ರಾತ್ರಿಶಾಲೆಗಳ ಹಿಂದೆ ಈ ಕಡಲದಾರಿ ಇದೆ. ಆಮೇಲೆ ಸೇತುವೆಗಳು ಬಂದವು, ಬಸ್ಸು ಬಂತು, 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಿತು. ಆ ಮಂದಿ ದಡ ಕಾಣುವಷ್ಟು ಹತ್ತಿರದಲ್ಲಿ, ಹೊಟ್ಟೆಪಾಡಿಗಾಗಿ ಉತ್ತರಕ್ಕೆ ಸಾಗಿದರು. ನಾವು ಅದೇ ಕಡಲಿನಲ್ಲಿ ದೂರದಿಂದ, ಬಿಡುವಿಗಾಗಿ ದಕ್ಷಿಣಕ್ಕೆ ಬರುತ್ತಿದ್ದೇವೆ. ಅವರ ಮೊಮ್ಮಕ್ಕಳು ಈ ಹಡಗಿನ ಬಾಲ್ಕನಿಗಳಲ್ಲಿ ಕೂತಿದ್ದರೆ ಆಶ್ಚರ್ಯವಿಲ್ಲ.

ಬಿಡುವು ಎಲ್ಲರದೂ ಅಲ್ಲ. ನಮ್ಮ ಕರಾವಳಿಯ ಮನೆಗಳಲ್ಲಿ 'ಮಗ ಶಿಪ್ಪಿನಲ್ಲಿದ್ದಾನೆ' ಎಂಬ ಮಾತು ಇಂದಿಗೂ ಸಾಮಾನ್ಯ. ಜಗತ್ತಿನ ಕ್ರೂಸ್ ಹಡಗುಗಳ ಅಡುಗೆಮನೆ, ಕ್ಯಾಬಿನ್, ಎಂಜಿನ್ ಕೋಣೆಗಳಲ್ಲಿ ಗೋವಾ, ಮಂಗಳೂರು ಕಡೆಯವರು ತಲೆಮಾರುಗಳಿಂದ ದುಡಿಯುತ್ತಿದ್ದಾರೆ. ತಿಂಗಳುಗಟ್ಟಲೆ ಕರಾರು, ವಾರದ ರಜೆಯೆಂಬುದಿಲ್ಲ. ಕಡಲ ಕಾರ್ಮಿಕರ ಕುರಿತ 2006ರ ಅಂತರರಾಷ್ಟ್ರೀಯ ಒಪ್ಪಂದವು ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಲೇಬೇಕೆನ್ನುತ್ತದೆ. ಮಿಕ್ಕದ್ದರಲ್ಲಿ ಎಷ್ಟು ದುಡಿಮೆಗೆ ಹೋಗಬಹುದೆಂದು ಓದುಗರೇ ಎಣಿಸಲಿ. ಬೆಳಿಗ್ಗೆ ಡೆಕ್ ತೊಳೆದವರ ಹೆಸರು ಕೇಳಿ, ಊರು ಕೇಳಿ. ಕನ್ನಡವೋ ತುಳುವೋ ಕೊಂಕಣಿಯೋ ಉತ್ತರವಾಗಿ ಬಂದೀತು. ಹಾಗೆ ಶುರುವಾದ ಮಾತು ಯಾವ ಮನರಂಜನೆಗಿಂತಲೂ ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ.

ಈ ಯಾನಕ್ಕೆ ಕಡಲೂ ಬೆಲೆ ತೆರುತ್ತದೆ. ಇಂಥ ಹಡಗು ಹೋಟೆಲ್ಲನ್ನೂ ವಿದ್ಯುತ್ ಸ್ಥಾವರವನ್ನೂ ಹೊತ್ತುಕೊಂಡು ತಿರುಗುತ್ತದೆ. ಒಬ್ಬೊಬ್ಬ ಪ್ರಯಾಣಿಕನ ಪಾಲಿಗೆ ಉರಿಯುವ ಇಂಧನ ರೈಲಿಗಿಂತ ಎಷ್ಟೋ ಪಾಲು ಹೆಚ್ಚು. ಪ್ಲಾಸ್ಟಿಕ್ಕನ್ನು ಜಗತ್ತಿನ ಯಾವ ಕಡಲಿಗೂ ಎಸೆಯುವಂತಿಲ್ಲ, 2020ರಿಂದ ಹಡಗಿನ ಇಂಧನದಲ್ಲಿ ಗಂಧಕದ ಪ್ರಮಾಣ ಶೇ 0.5 ಮೀರುವಂತಿಲ್ಲ, ಮೀರಿದರೆ ಹೊಗೆ ತೊಳೆಯುವ ಯಂತ್ರ ಬೇಕು. ಈ ನಿಯಮಗಳು ಒಳ್ಳೆಯವು, ಸಾಲವು. ಹೋಗುವವರು ತಟ್ಟೆಗೆ ತಿನ್ನುವಷ್ಟೇ ಬಡಿಸಿಕೊಳ್ಳಲಿ ಎಂದು ಬಫೆಯ ಸಾಲಿನಲ್ಲಿ ನಿಂತಾಗಲೆಲ್ಲ ಅನ್ನಿಸುತ್ತದೆ.

ಐದರ ಹೊತ್ತಿಗೆ ಎಲ್ಲರೂ ಬಲಮಗ್ಗುಲಿಗೆ, ಪಡುವಣಕ್ಕೆ, ಸರಿಯುತ್ತಾರೆ. ಸೂರ್ಯಾಸ್ತದ ವರ್ಣನೆ ಕರಾವಳಿಯವರಿಗೆ ಬೇಕಿಲ್ಲ. ಒಂದು ಮಾತು ಹೇಳಬೇಕು: ದಡದಲ್ಲಿ ಸೂರ್ಯ ಮುಳುಗಿದರೆ ಬೆನ್ನ ಹಿಂದೆ ತೆಂಗಿನ ಸಾಲು, ಮನೆಯ ದೀಪ ಇರುತ್ತವೆ. ಇಲ್ಲಿ ತಿರುಗಿ ನೋಡಿದರೆ ಪೂರ್ವದಿಂದಲೂ ಕತ್ತಲು ನೀರಿನೊಳಗಿಂದಲೇ ಏಳುತ್ತಿರುತ್ತದೆ. ಭೂಮಿಯ ನೆರಳು ನೀಲಿಬೂದಿಯ ಪಟ್ಟಿಯಾಗಿ ದಿಗಂತದಿಂದ ಮೇಲೇರುವುದನ್ನು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ನೋಡಲಾಗದು.

ಚಳಿಗಾಲದ ಯಾನವಾದರೆ ರಾತ್ರಿ ಊಟದ ನಂತರ ದೀಪ ಕಡಿಮೆ ಇರುವ ಮೂಲೆ ಹುಡುಕಿ. ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ ಸಾಕಷ್ಟು ಮೇಲೇರಿರುತ್ತದೆ. ಉತ್ತರದಲ್ಲಿ ಧ್ರುವ ನಕ್ಷತ್ರ ಹಿಂದಿನ ರಾತ್ರಿಗಿಂತ ಕೆಳಗಿಳಿದಿರುತ್ತದೆ. ಧ್ರುವ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ನಾವಿರುವ ಅಕ್ಷಾಂಶ ಹೆಚ್ಚುಕಡಿಮೆ ಅಷ್ಟೇ: ಮುಂಬೈಯಲ್ಲಿ 19, ಮಂಗಳೂರಿನ ಮಟ್ಟದಲ್ಲಿ 13, ಅಗತ್ತಿಯಲ್ಲಿ 11. ಉಪಗ್ರಹಗಳಿಲ್ಲದ ಕಾಲದಲ್ಲಿ ಅರಬ್ಬಿ ಸಮುದ್ರದ ನಾವಿಕರು ಈ ಎತ್ತರವನ್ನು ಬೆರಳಿನಲ್ಲಿ, ಗಂಟು ಹಾಕಿದ ದಾರ ಕಟ್ಟಿದ ಹಲಗೆಯಲ್ಲಿ ಅಳೆದು ತಮ್ಮ ಬಂದರು ಎಷ್ಟು ದೂರವೆಂದು ತಿಳಿಯುತ್ತಿದ್ದರು. ಅಂಗೈ ಚಾಚಿ ನೀವೂ ಅಳೆಯಬಹುದು.

ಎಲ್ಲರೂ ಮಲಗಿದ ಮೇಲೆ ಹಡಗು ಅಮಿನಿದಿವಿ ದ್ವೀಪಗಳ ನೀರಿಗೆ ಬರುತ್ತದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ. 1956ರ ನವೆಂಬರ್ 1ರವರೆಗೆ ಇವು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 18ನೇ ಶತಮಾನದ ಕೊನೆಯಲ್ಲಿ ಕಣ್ಣೂರಿನ ಅರಸುಮನೆಯ ಆಡಳಿತ ತಾಳಲಾರದ ದ್ವೀಪದವರು ಟಿಪ್ಪುವಿನ ಮೊರೆಹೊಕ್ಕರು. 1799ರಲ್ಲಿ ಅವನು ಬಿದ್ದ ಮೇಲೆ ದ್ವೀಪಗಳು ಇಂಗ್ಲಿಷರಿಗೆ ಬಂದವು, ಆಡಳಿತ ಮಂಗಳೂರಿನಿಂದ ನಡೆಯಿತು. ದ್ವೀಪದ ಓಡಗಳು ತೆಂಗಿನ ನಾರಿನ ಹುರಿ ಹೊತ್ತು ಮಂಗಳೂರಿಗೆ ಬಂದು ಅಕ್ಕಿ ತುಂಬಿಕೊಂಡು ಮರಳುತ್ತಿದ್ದವು. ಕನ್ನಡ ನಾಡು ಒಂದಾದ ದಿನವೇ ಈ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋಗಿ ನಮ್ಮ ಭೂಪಟದಿಂದ ಇಳಿದವು. ಮಂಗಳೂರಿನ ಹಳೆಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಇಂದಿಗೂ ಹೋಗುತ್ತದೆ. ಮುನ್ನೂರು ಕಿ.ಮೀ.ಗೂ ಹೆಚ್ಚು ಕಡಲತೀರವಿರುವ ನಾಡಿನವರು ಕ್ರೂಸ್ ಹತ್ತಲು ಮುಂಬೈಗೋ ಗೋವಾಕ್ಕೋ ಕೊಚ್ಚಿಗೋ ಹೋಗಬೇಕಾಗಿದೆ. ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ, ಪ್ರವಾಸಿಗರು ಮೂಡುಬಿದಿರೆ, ಕಾರ್ಕಳ ನೋಡಿ ಸಂಜೆ ಹೊರಟುಬಿಡುತ್ತಾರೆ. ಇಲ್ಲಿಂದ ಹತ್ತುವ ದಾರಿಯೂ ತೆರೆದರೆ ಹಳೆಯ ನಂಟೊಂದು ಮತ್ತೆ ಕೂಡುತ್ತದೆ.

ಹೋಗುವವರು ಅಕ್ಟೋಬರಿನಿಂದ ಮೇವರೆಗಿನ ಋತು ನೋಡಿಕೊಳ್ಳಲಿ; ಮುಂಗಾರಿನಲ್ಲಿ ಈ ಕಡಲು ಯಾರಿಗೂ ಬಿಡುವು ಕೊಡುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿ ಅತಿ ಶಾಂತ. ತಲೆಸುತ್ತು ಬರುವವರು ಕೆಳಗಿನ ಡೆಕ್ಕಿನ ನಡುಭಾಗದ ಕ್ಯಾಬಿನ್ ಕೇಳಲಿ, ತೂಗಾಟ ಅಲ್ಲಿ ಕಡಿಮೆ. ಲಕ್ಷದ್ವೀಪದಲ್ಲಿ ಇಳಿಯಲು ಪ್ರವೇಶ ಪರವಾನಗಿ ಬೇಕು. ದೊಡ್ಡ ಹಡಗು ಲಗೂನಿನ ಹೊರಗೇ ನಿಂತು ಸಣ್ಣ ದೋಣಿಗಳಲ್ಲಿ ದಾಟಿಸುವುದರಿಂದ ಅಲೆ ಜೋರಿದ್ದರೆ ಇಳಿಯುವುದೇ ರದ್ದಾಗಬಹುದು ಎಂಬುದಕ್ಕೂ ಸಿದ್ಧರಿರಬೇಕು. ಮುಂಬೈಯಿಂದ ಗೋವಾಕ್ಕೆ ಹೋಗುವ ಯಾನ ಅಗ್ಗ, ಆದರೆ ಅದರಲ್ಲಿ ಹಡಗು ಹೆಚ್ಚಾಗಿ ರಾತ್ರಿಯೇ ಓಡುತ್ತದೆ. ಟಿಕೆಟ್ ಕೊಳ್ಳುವ ಮುನ್ನ ವೇಳಾಪಟ್ಟಿ ಕೇಳಿ, ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಲ್ಲೂ ನಿಲ್ಲದ ದಿನವೊಂದು ಅದರಲ್ಲಿ ಇದೆಯೇ ಎಂದು ನೋಡಿ. ಇದ್ದರೆ ಅದನ್ನೇ ಆರಿಸಿ.