ಕಿವಿ ಚುಚ್ಚಿಸುವ ಮುನ್ನ

ಕಿವಿ ಚುಚ್ಚಿಸುವುದು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದ ಪದ್ಧತಿ. ಸುಶ್ರುತ ಸಂಹಿತೆಯಲ್ಲಿ ಕರ್ಣವೇಧದ ವಿವರವುಂಟು. ಕಿವಿಯಲ್ಲಿ ಸೂರ್ಯನ ಕಿರಣಗಳು ತೂರಿ ಬರುವ ತೆಳುವಾದ ಎಡೆಯನ್ನು ನೋಡಿ ವೈದ್ಯನು ಚುಚ್ಚಬೇಕೆಂದು ಅದು ವಿಧಿಸುತ್ತದೆ. ರಕ್ತನಾಳಗಳನ್ನು ತಪ್ಪಿಸಲು ಇದಕ್ಕಿಂತ ಸರಳವಾದ ಉಪಾಯವಿರಲಾರದು.

ಆದರೆ ಕಣ್ಣಿಗೆ ಕಾಣದ ಶತ್ರುಗಳು ಸೂಜಿಯ ಮೊನೆಯಲ್ಲಿಯೇ ಅಡಗಿರಬಹುದು. ಚರ್ಮವು ನಮ್ಮ ದೇಹದ ಕೋಟೆ. ಚುಚ್ಚುವುದೆಂದರೆ ಆ ಕೋಟೆಯಲ್ಲಿ ಕಿಂಡಿ ತೆರೆದಂತೆ. ಹೆಪಟೈಟಿಸ್ ಬಿ ರೋಗದ ವೈರಸ್ಸು ದೇಹದ ಹೊರಗೂ 7 ದಿನಗಳವರೆಗೆ ಜೀವ ಹಿಡಿದಿರಬಲ್ಲುದು. ಒಬ್ಬರಿಗೆ ಬಳಸಿದ ಸೂಜಿಯನ್ನು ಸ್ಪಿರಿಟ್ಟಿನಲ್ಲಿ ಒರಸಿ ಇನ್ನೊಬ್ಬರಿಗೆ ಬಳಸುವುದು ಆದಕಾರಣ ಅಪಾಯಕರ. ಸೂಜಿ ಹೊಸದಾಗಿರಬೇಕು, ಇತರ ಉಪಕರಣಗಳನ್ನು ಆಟೋಕ್ಲೇವ್ ಎಂಬ ಹಬೆಪಾತ್ರೆಯಲ್ಲಿ ಒತ್ತಡದೊಡನೆ 121 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕನಿಷ್ಠ 15 ನಿಮಿಷ ಇಟ್ಟಿರಬೇಕು. ಕುದಿಯುವ ನೀರಿನಲ್ಲಿಯೂ ಉಳಿಯುವ ಬೀಜಾಣುಗಳು ಅಲ್ಲಿ ನಾಶವಾಗುತ್ತವೆ.

ಕಿವಿಯ ಎಲ್ಲ ಭಾಗಗಳೂ ಒಂದೇ ಬಗೆಯವಲ್ಲ. ಕೆಳಗಿನ ಹಾಲೆಯಲ್ಲಿ ರಕ್ತಸಂಚಾರ ಹೇರಳ. ಗಾಯವು ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ಮಾಯುತ್ತದೆ. ಮೇಲ್ಭಾಗದಲ್ಲಿರುವುದು ಮೃದ್ವಸ್ಥಿ. ಅದಕ್ಕೆ ತನ್ನದೇ ಆದ ರಕ್ತನಾಳಗಳಿಲ್ಲ. ಸುತ್ತಲಿನ ತೆಳುಪೊರೆಯಿಂದಲೇ ಅದಕ್ಕೆ ಆಹಾರ. ಪೊರೆಗೂ ಮೃದ್ವಸ್ಥಿಗೂ ನಡುವೆ ಕೀವು ತುಂಬಿದರೆ ಆ ಆಹಾರ ನಿಂತು ಮೃದ್ವಸ್ಥಿಯು ಸಾಯುತ್ತದೆ. ಕಿವಿಯು ಮುರುಟಿ ಶಾಶ್ವತವಾಗಿ ವಿಕಾರಗೊಳ್ಳಬಹುದು.

ಇದು ಬರಿಯ ಊಹೆಯಲ್ಲ. 2000ದಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಆಭರಣದ ಒಂದೇ ಮಳಿಗೆಯಲ್ಲಿ ಕಿವಿ ಚುಚ್ಚಿಸಿಕೊಂಡ 7 ಮಂದಿಗೆ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯದ ಸೋಂಕು ತಗಲಿದುದು ಖಚಿತವಾಯಿತು. ಏಳೂ ಜನರು ಚುಚ್ಚಿಸಿದ್ದುದು ಮೇಲ್ಭಾಗಕ್ಕೆ. ಸೋಂಕನ್ನು ತಡೆಯಬೇಕಾಗಿದ್ದ ಔಷಧದ ಸೀಸೆಯಲ್ಲಿಯೇ ಆ ಬ್ಯಾಕ್ಟೀರಿಯ ವಾಸವಾಗಿತ್ತು! ಕೆಲವರ ಕಿವಿಗಳು ವಿರೂಪಗೊಂಡವು.

ಅಂಗಡಿಗಳಲ್ಲಿ ಕಾಣುವ ಸ್ಪ್ರಿಂಗಿನ ಪಿಸ್ತೂಲು ಮೊಂಡಾದ ಓಲೆಯನ್ನೇ ಬಲದಿಂದ ನುಗ್ಗಿಸಿ ಅಂಗಾಂಶವನ್ನು ಜಜ್ಜುತ್ತದೆ. ಪ್ಲಾಸ್ಟಿಕ್ಕಿನ ಪಿಸ್ತೂಲನ್ನು ಹಬೆಪಾತ್ರೆಯಲ್ಲಿಡುವಂತೆಯೂ ಇಲ್ಲ. ಮೃದ್ವಸ್ಥಿಗಂತೂ ಅದನ್ನು ಬಳಸಲೇಬಾರದು. ನುರಿತವರು ಕೈ ತೊಳೆದು, ಹೊಸ ಕೈಗವಸು ತೊಟ್ಟು, ಟೊಳ್ಳು ಸೂಜಿಯನ್ನು ನಮ್ಮ ಕಣ್ಣೆದುರಿಗೇ ಪೊಟ್ಟಣದಿಂದ ತೆಗೆಯುತ್ತಾರೆ. ಮೊದಲ ಓಲೆಯಲ್ಲಿ ನಿಕ್ಕಲ್ ಬೆರೆತಿದ್ದರೆ ಹಲವರಿಗೆ ತುರಿಕೆಯುಂಟಾಗುತ್ತದೆ. ಶುದ್ಧ ಟೈಟೇನಿಯಂ ಲೇಸು.

ಚುಚ್ಚಿಸುವ ಮೊದಲು ಧನುರ್ವಾಯುವಿನ ಲಸಿಕೆಯಾಗಿದೆಯೇ ಎಂದು ನೋಡಿಕೊಳ್ಳಬೇಕು. ಹಿಂದಿನ ಗಾಯಗಳು ಉಬ್ಬಿ ಗಂಟುಕಟ್ಟುವ ಪ್ರಕೃತಿಯವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಆಮೇಲೆ ಶುದ್ಧವಾದ ಉಪ್ಪುನೀರಿನಿಂದ ಗಾಯವನ್ನು ತೊಳೆಯುತ್ತಿರಬೇಕು, ಓಲೆಯನ್ನು ತಿರುಗಿಸುತ್ತಿರಬಾರದು. ಕೆಂಪು, ಬಾವು, ನೋವು ಹೆಚ್ಚುತ್ತ ಹೋದರೆ ಅಥವಾ ಜ್ವರ ಬಂದರೆ ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಸೂಜಿ ಹೊಸದೆ, ಉಪಕರಣಗಳು ಶುದ್ಧವೆ ಎಂದು ಕೇಳಲು ನಾವು ಸಂಕೋಚಪಡಬೇಕಾಗಿಲ್ಲ. ಕೆಲಸವನ್ನು ಬಲ್ಲವರು ಆ ಪ್ರಶ್ನೆಗೆ ಸಂತೋಷದಿಂದಲೇ ಉತ್ತರ ಕೊಡುತ್ತಾರೆ. ಸಿಡುಕುವವರ ಅಂಗಡಿಯಿಂದ ನಾವು ಎದ್ದು ಬರಬಹುದು.