ಮಾಳಮಡ್ಡಿಯ ಮಹಡಿ, ಸುಭಾಸ ರಸ್ತೆಯ ಗಾದಿ: ಒಂದು ಜಾಲತಾಣ ಹುಟ್ಟುವ ದಾರಿ

ಧಾರವಾಡದ ರೈಲು ನಿಲ್ದಾಣದಿಂದ ಮಾಳಮಡ್ಡಿಗೆ ಆಟೋ ಬೇಕಿಲ್ಲ, ನಡೆದರೆ ಸಾಕು. ಹಳೆಯ ಹಂಚಿನ ಮನೆಗಳು, ಅವುಗಳ ನಡುವೆ ತಲೆಯೆತ್ತಿದ ಅಪಾರ್ಟ್‌ಮೆಂಟುಗಳು, ಕಂಪೌಂಡಿನಾಚೆ ಬಾಗಿದ ಮಾವಿನ ಟೊಂಗೆಗಳು, ಟ್ಯೂಷನ್ ಬೋರ್ಡುಗಳು. ಇಂಥದೊಂದು ಓಣಿಯ ಮನೆಯ ಮಹಡಿ ಮೇಲೆ ನಾವು ನೋಡಲು ಬಂದ ಕಚೇರಿ ಇದೆ. ಅದಕ್ಕೆ ಬೋರ್ಡಿಲ್ಲ. ಓಣಿಯಲ್ಲಿ ವಿಚಾರಿಸಿದರೆ, "ಕಂಪ್ಯೂಟರ್ ಕೆಲಸ ಮಾಡ್ತಾರಲ್ಲ, ಆ ಅಕ್ಕಾರ ಮನಿ ಏನ್ರಿ?" ಎಂದು ಬೆರಳು ತೋರಿಸುತ್ತಾರೆ.

ಅಕ್ಕಾರು ಮಾಡುವುದು ಎರಡು ಕೆಲಸ. ಒಂದು, ದುಡ್ಡು ಕೊಟ್ಟವರಿಗೆ ಬರೆದುಕೊಡುವುದು: ಆಸ್ಪತ್ರೆಯ ಕರಪತ್ರ, ಶಾಲೆಯ ಪರಿಚಯ ಪುಸ್ತಿಕೆ, ಸ್ವಯಂಸೇವಾ ಸಂಸ್ಥೆಯ ವಾರ್ಷಿಕ ವರದಿಯ ಅನುವಾದ. ಇನ್ನೊಂದು, ಜಾಲತಾಣ ಕಟ್ಟುವುದು. ಎರಡೂ ಫ್ರೀಲ್ಯಾನ್ಸ್, ಅಂದರೆ ಸಂಬಳವಿಲ್ಲ, ಸಾಹೇಬರೂ ಇಲ್ಲ. "ಹೆಸರು ಹಾಕಬ್ಯಾಡ್ರಿ, ಗಿರಾಕಿಗಳ ಸುದ್ದಿ ಹೇಳೂದದ" ಎಂಬ ಷರತ್ತಿನ ಮೇಲೆ ಒಂದು ದಿನ ತಮ್ಮ ಜೊತೆ ಓಡಾಡಲು ಒಪ್ಪಿಕೊಂಡರು. ಈ ಕಸುಬನ್ನು ಕುರ್ಚಿ ಬಿಟ್ಟೇಳದೆ ಮಾಡಬಹುದು ಎಂದು ಹೊರಗಿನವರು ನಂಬಿದ್ದಾರೆ. ಅಕ್ಕಾರ ಹಿಂದೆ ಒಂದು ದಿನ ತಿರುಗಿದರೆ ಆ ನಂಬಿಕೆ ಉಳಿಯುವುದಿಲ್ಲ.

ಮೇಜಿನ ಮೇಲೆ

ಕೋಣೆ ಚಿಕ್ಕದು. ಕಿಟಕಿಗೆ ಬೆನ್ನು ಮಾಡಿದ ಮೇಜು, ಅದರ ಮೇಲೆ ಎರಡು ಪರದೆಗಳು. ಅಗಲದ ಪರದೆಯಲ್ಲಿ ವಿನ್ಯಾಸ. ಇನ್ನೊಂದನ್ನು ನೆಟ್ಟಗೆ ತಿರುಗಿಸಿ ನಿಲ್ಲಿಸಿದ್ದಾರೆ, ಅದರಲ್ಲಿ ಬರಹ. ಮೇಜಿನ ಕೆಳಗೆ ಇನ್ವರ್ಟರ್ ಗುಂಯ್‌ಗುಡುತ್ತಿದೆ. ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಕೇಬಲ್ ಇಂಟರ್ನೆಟ್ ಕೈಕೊಟ್ಟರೆ ಇರಲಿ ಎಂದು ಬೇರೆ ಕಂಪನಿಯ ಸಿಮ್ ಹಾಕಿದ ಇನ್ನೊಂದು ಮೊಬೈಲ್ ಇದೆ. ಕಪಾಟಿನಲ್ಲಿ ಸಾಹಿತ್ಯ ಪರಿಷತ್ತಿನ ನಿಘಂಟು, ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’, ಪಕ್ಕದಲ್ಲಿ ಬಿಲ್ಲುಗಳ ಫೈಲು.

ನನ್ನ ಕಣ್ಣು ಹೋದದ್ದು ಮೇಜಿನ ಮೂಲೆಯ ಒಂದು ಹಳೇ ಅಗ್ಗದ ಆಂಡ್ರಾಯ್ಡ್ ಫೋನಿನ ಮೇಲೆ. ಗಾಜು ಬಿರುಕು ಬಿಟ್ಟಿದೆ, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಇದನ್ನೇಕೆ ಇಟ್ಟುಕೊಂಡಿದ್ದೀರಿ ಎಂದೆ. "ಇದರಾಗ ತೆರೀಲಿಲ್ಲಾ ಅಂದ್ರ ಪುಟ ಮುಗಿದಿಲ್ಲ ಅಂತ ಲೆಕ್ಕ. ಗಿರಾಕಿ ತನ್ನ ಹೊಸಾ ಫೋನಿನ್ಯಾಗ ನೋಡ್ತಾನ, ಆದ್ರ ಗಿರಾಕಿಯ ಗಿರಾಕಿ ನೋಡೂದು ಇಂಥಾದ್ರಾಗ" ಎಂದರು. ಪುಟ ಭಾರವಾದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಕನ್ನಡದ ಫಾಂಟಿಗೆ ಒತ್ತು, ಗುಣಿತಗಳ ರೂಪಗಳೆಲ್ಲ ಬೇಕು. ಹಾಗಾಗಿ ಅದರ ಕಡತವೂ ಇಂಗ್ಲಿಷಿನ ಸಾದಾ ಫಾಂಟಿಗಿಂತ ದೊಡ್ಡದು. ಒಂದು ಪುಟಕ್ಕೆ ನಾಲ್ಕು ಚಂದದ ಫಾಂಟು ಬೇಕೆಂದು ಗಿರಾಕಿ ಹಟ ಹಿಡಿದರೆ ಅಕ್ಕಾರು ವಾದಕ್ಕಿಳಿಯುವುದಿಲ್ಲ, ಈ ಫೋನನ್ನು ಅವರ ಕೈಗೆ ಕೊಟ್ಟು ಕಾಯಲು ಹೇಳುತ್ತಾರೆ.

ಜಗತ್ತಿನ ಜಾಲತಾಣಗಳಲ್ಲಿ ಶೇ 40ಕ್ಕೂ ಹೆಚ್ಚು ನಿಂತಿರುವುದು 2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶದ ಮೇಲೆ. ಅಕ್ಕಾರ ಕೆಲಸವೂ ಬಹುಪಾಲು ಅದರಲ್ಲೇ. ಸಿದ್ಧ ವಿನ್ಯಾಸಗಳು ಸಾವಿರಾರು ಸಿಗುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರದ ಎತ್ತರ ನೋಡಿ ಹೊಲಿದವು. ಕನ್ನಡ ಹಾಕಿದರೆ ಗುಂಡಿಯ ಮೇಲಿನ ‘ಸಂಪರ್ಕಿಸಿ’ ಹೇಗೋ ಕೂರುತ್ತದೆ, ‘ಉತ್ಪನ್ನಗಳು’ ಎಂದಾಗ ಕೆಳಗಿನ ಒತ್ತಕ್ಷರದ ಬಾಲ ಕತ್ತರಿಸಿ ಹೋಗುತ್ತದೆ. ಇಂಗ್ಲಿಷಿಗೆ ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟು ಇದ್ದರೆ ನಡೆದೀತು. ಕನ್ನಡಕ್ಕೆ ಅವರು 1.7, 1.8 ಇಡುತ್ತಾರೆ.

ಪೌಂಡ್ ಚಿಹ್ನೆಯ ಕನ್ನಡ

ಹತ್ತು ಗಂಟೆಗೆ ಒಂದು ಇಮೇಲ್ ಬಂತು. ಪ್ರೆಸ್ಸಿನವರು ಹಿಂದೆ ಛಾಪಿಸಿದ ಪುಸ್ತಿಕೆಯ ಕಡತ ಕಳಿಸಿದ್ದಾರೆ. ತೆರೆದರೆ ಕನ್ನಡವೇ ಇಲ್ಲ, ಬರೀ ರೋಮನ್ ಅಕ್ಷರಗಳು. ಅರ್ಧಕ್ಕರ್ಧ ಅಕ್ಷರಗಳ ತಲೆಯ ಮೇಲೆ ಓರೆ ಗೀಟು, ‘ನ’ ಇರಬೇಕಾದಲ್ಲೆಲ್ಲ ಇಂಗ್ಲೆಂಡಿನ ಪೌಂಡ್ ಚಿಹ್ನೆ. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕಡತವನ್ನು ಆ ಫಾಂಟು ಇಲ್ಲದ ಕಂಪ್ಯೂಟರ್ ಹೀಗೇ ತೋರಿಸುತ್ತದೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು, ಕನ್ನಡ ಗಣಕ ಪರಿಷತ್ತು ‘ನುಡಿ’ ರೂಪಿಸಿತು. ಕಚೇರಿ, ಪ್ರೆಸ್ಸುಗಳಿಗೆ ಕನ್ನಡ ಟೈಪಿಂಗ್ ಹೊಕ್ಕದ್ದು ಇವುಗಳಿಂದ. ಆಮೇಲೆ ಯೂನಿಕೋಡ್ ನೆಲೆಗೊಂಡು ಫೋನುಗಳೆಲ್ಲ ಅದನ್ನೇ ಒಪ್ಪಿಕೊಂಡವು. ಪ್ರೆಸ್ಸಿನ ಪೇಜ್‌ಮೇಕರ್ ಮಾತ್ರ ಹಳೆಯದನ್ನು ಬಿಟ್ಟಿಲ್ಲ.

ಪರಿವರ್ತಕಕ್ಕೆ ಹಾಕಿದರೆ ಕ್ಷಣದಲ್ಲಿ ಯೂನಿಕೋಡ್ ಆಗುತ್ತದೆ. ಕೆಲಸ ಶುರುವಾಗುವುದು ಅಲ್ಲಿಂದ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಂಡಂತೆ ಅಕ್ಷರದ ನಂತರ ಇಡುತ್ತಾರೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ‘ರ’ ಮೊದಲು ಬರಬೇಕು. ಹಿಂದುಮುಂದಾದರೆ ಊರಿನ ಹೆಸರೇ ಕೆಡುತ್ತದೆ. ‘ಸಾಫ್ಟ್‌ವೇರ್’ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಅದು ಬಿದ್ದುಹೋದರೆ ‘ಸಾಫ್ಟ್ವೇರ್’ ಆಗಿ ವ ಒತ್ತು ನೇತಾಡುತ್ತದೆ. ಶಾಲೆಯವರಿಗೆ ‘ರ‍್ಯಾಂಕ್’ ಬೇಕು, ಪುಟದಲ್ಲಿ ‘ರ್ಯಾಂಕ್’ ಬಂದು ಕೂತಿರುತ್ತದೆ. ಅಕ್ಕಾರು ಇಂಥವುಗಳ ಪಟ್ಟಿಯನ್ನೇ ಮಾಡಿಟ್ಟುಕೊಂಡು ಒಂದೊಂದನ್ನೇ ಹುಡುಕಿ ತಿದ್ದುತ್ತಾರೆ. ಕಡೆಗೆ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿಗೆ ಓದಲು ಕೊಡುತ್ತಾರೆ. ಅವರಿಗೆ ಪುಟಕ್ಕೆ ಇಷ್ಟು ಎಂದು ಸಂಭಾವನೆ ಉಂಟು. "ನಾ ಬರದದ್ದನ್ನ ನಾನ ತಿದ್ದಿದ್ರ ತಪ್ಪು ಕಾಣೂದಿಲ್ರಿ, ಕಣ್ಣು ಓದಕೊಂಡ ಹೋಗಿಬಿಡ್ತದ."

ಅಂಗಡಿಯ ಗಾದಿಯ ಮೇಲೆ

ಹನ್ನೊಂದೂವರೆಗೆ ಹೊರಬಿದ್ದೆವು. ಸುಭಾಸ ರಸ್ತೆಯಲ್ಲಿ ಹಾರ್ನ್, ಹೂವಿನ ಬುಟ್ಟಿ, ಸ್ಕೂಟರುಗಳ ನಡುವೆ ದಾರಿ ಮಾಡಿಕೊಂಡು ಒಂದು ಸೀರೆ ಅಂಗಡಿಗೆ ಹೋದೆವು. ಬಿಳಿ ಗಾದಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ ಮಾಲೀಕರು, "ಬರ್ರಿ ಅಕ್ಕಾರ, ಎಲ್ಲಾ ರೆಡಿ ಮಾಡೇನಿ" ಎಂದು ಒಂದು ಹಾಳೆ ಮುಂದಿಟ್ಟರು. ‘ಗುಣಮಟ್ಟವೇ ನಮ್ಮ ಧ್ಯೇಯ, ಗ್ರಾಹಕರೇ ನಮ್ಮ ದೇವರು, ಒಮ್ಮೆ ಭೇಟಿ ಕೊಡಿ.’ ಜಾಲತಾಣಕ್ಕೆ ಅವರು ಕೊಟ್ಟ ಬರಹ ಇಷ್ಟೆ.

ಅಕ್ಕಾರು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು, ಏನೂ ಅನ್ನಲಿಲ್ಲ. ಗಾದಿಯ ಅಂಚಿನಲ್ಲಿ ಕೂತು ಗಿರಾಕಿ ಬರುವುದನ್ನು ಕಾದರು. ಸ್ವಲ್ಪ ಹೊತ್ತಿಗೆ ತಾಯಿ ಮಗಳು ಬಂದರು. ಮದುವೆಗೆ ಇಳಕಲ್ ಸೀರೆ ಬೇಕಂತೆ, ಆನ್‌ಲೈನಿನಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದಂತೆ. ಮಾಲೀಕರಿಗೆ ರೇಗಿತು. ಒಂದು ಸೀರೆ ಸರ್ರನೆ ಬಿಚ್ಚಿ, ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಕಡೆ ಹೆಬ್ಬೆರಳಿಟ್ಟು ಮಗುಚಿದರು. "ಇಲ್ಲೆ ಕೈ ಆಡಸ್ರಿ. ಹತ್ತೇದಲ್ಲ? ಇದು ಕೊಂಡಿ. ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎಳಿಗೆ ಎಳಿ ಕೊಂಡಿ ಹಾಕಿ ಕೂಡಿಸಿರ್ತಾರ. ಇದು ಇಲ್ಲಾಂದ್ರ ಅದು ಇಳಕಲ್ ಅಲ್ಲ, ಇಳಕಲ್ ಬಣ್ಣದ ಅರಿಬಿ." ಆಮೇಲೆ ಸೆರಗಿನ ಬಿಳಿ ತೆನೆಗಳನ್ನು ತೋರಿಸಿದರು: ಇದು ಹಣಿಗೆಯ ಹಲ್ಲು, ಇದು ಜೋಳದ ತೆನೆ, ಇದು ಕೋಟೆಯ ಗೋಡೆ. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ, ಬೇಕಾದರೆ ಸೆರಗಿಗೆ ಕಸೂತಿ. ಅಕ್ಕಾರ ಪೆನ್ನು ನಿಲ್ಲಲಿಲ್ಲ.

ಹೊರಗೆ ಬಂದಾಗ ಜಾಲತಾಣದ ನಕ್ಷೆ ಅವರ ನೋಟ್‌ಬುಕ್ಕಿನಲ್ಲಿ ಆಗಲೇ ಇತ್ತು. ಮುಖಪುಟಕ್ಕೆ ಅಂಗಡಿಯ ಮುಂಭಾಗದ ಚಿತ್ರ ಬೇಡ, ಸೀರೆಯ ಮಗುಚಿದ ಬದಿ, ಕೊಂಡಿಯ ಮೇಲೆ ಹೆಬ್ಬೆರಳು. ಕೆಳಗೆ ಮಾಲೀಕರದೇ ಮಾತು. ಆಮೇಲೆ ಮೂರು ತೆನೆಗಳಿಗೆ ಮೂರು ಚಿತ್ರ. ಬೆಲೆಯನ್ನು ಬಚ್ಚಿಡದೆ ಹತ್ತಿಯದು, ರೇಷ್ಮೆಯದು ಎಂದು ಬೇರೆ ಬೇರೆಯಾಗಿ ಹಾಕುವುದು. ಬರೆಯುವವರೊಬ್ಬರು, ವಿನ್ಯಾಸ ಮಾಡುವವರೊಬ್ಬರು ಆಗಿದ್ದರೆ ಮೊದಲು ಚೌಕಟ್ಟು ಸಿದ್ಧವಾಗಿ ಆಮೇಲೆ ‘ಇಲ್ಲಿ ಐವತ್ತು ಪದ ತುಂಬಿಸಿ’ ಎಂಬ ಹುಕುಂ ಬರುತ್ತದೆ. ಇಲ್ಲಿ ಎರಡೂ ಕೆಲಸ ಒಬ್ಬರದೇ. ಹೇಳುವ ಮಾತು ಯಾವುದು ಎಂದು ಗೊತ್ತಾದ ಮೇಲೆಯೇ ಚೌಕಟ್ಟು. ಅವರ ಕಸುಬಿನ ಬಂಡವಾಳ ಇದೇ ಎಂದು ನನಗೆ ಅನ್ನಿಸಿದ್ದು ಆ ಗಾದಿಯ ಅಂಚಿನಲ್ಲಿ ಕೂತಾಗ.

ಫೋಟೋ ಕಳಿಸುವ ಬಗ್ಗೆ ಮಾಲೀಕರ ಮಗನಿಗೆ ಒಂದೇ ಸೂಚನೆ: "ವಾಟ್ಸಾಪಿನ್ಯಾಗ ಫೋಟೋ ಅಂತ ಕಳಸಬ್ಯಾಡಪ್ಪಾ, ಡಾಕ್ಯುಮೆಂಟ್ ಅಂತ ಕಳಸು." ಫೋಟೋ ಎಂದು ಕಳಿಸಿದರೆ ಆ್ಯಪ್ ಅದನ್ನು ಕುಗ್ಗಿಸಿಬಿಡುತ್ತದೆ. ನೂಲಿನ ಎಳೆ ಕಾಣಬೇಕಾದ ಚಿತ್ರದಲ್ಲಿ ಬರೀ ಬಣ್ಣ ಉಳಿಯುತ್ತದೆ.

ಅಟ್ಟದ ಕೆಳಗೆ

ಅದೇ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಪ್ರಕಾಶನ ಇದು. ‘ಜಡಭರತ’ ಎಂಬ ಹೆಸರಿನಲ್ಲಿ ಅವರೂ ನಾಟಕ ಬರೆದವರು. ಕೀರ್ತಿನಾಥ ಕುರ್ತಕೋಟಿಯವರು ಕೂತು ಹಸ್ತಪ್ರತಿ ಓದಿದ, ಚರ್ಚಿಸಿದ ಜಾಗ. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಇಲ್ಲಿಂದಲೇ ಹೊರಬಂತು. ಮೆಟ್ಟಿಲ ಬುಡದಲ್ಲಿ ನಿಂತು ಅಕ್ಕಾರು, "ನಮ್ಮ ಕೆಲಸದಾಗ ಇಲ್ಲದ್ದು ಇದ ನೋಡ್ರಿ, ಅಟ್ಟ" ಎಂದರು. ಅವರು ಹೇಳಿದ್ದು ಕಟ್ಟಡದ ಬಗ್ಗೆಯಲ್ಲ. ಕಂಪನಿಯಲ್ಲಿರುವವರಿಗೆ ಪಕ್ಕದ ಮೇಜಿನವರು ಸಿಗುತ್ತಾರೆ, ಇವರಿಗೆ ವಾರಗಟ್ಟಲೆ ಕೆಲಸದ ಮಾತಾಡಲು ಜನ ಸಿಗುವುದಿಲ್ಲ. ಅದಕ್ಕೇ ಹುಬ್ಬಳ್ಳಿ–ಧಾರವಾಡದ ಇಂಥದೇ ಕಸುಬಿನ ನಾಲ್ಕಾರು ಮಂದಿ ತಿಂಗಳಿಗೊಮ್ಮೆ ಸೇರುತ್ತಾರೆ. ಚಿಗರಿ ಬಸ್ಸು ಹತ್ತಿದರೆ ಎರಡೂ ಊರು ಹತ್ತಿರ. ಗಿರ್ಮಿಟ್, ಮಿರ್ಚಿ ಮುಂದಿಟ್ಟುಕೊಂಡು ಒಬ್ಬರ ಪುಟವನ್ನು ಇನ್ನೊಬ್ಬರು ಹರಿದು ಹಾಕುತ್ತಾರೆ.

ರೊಕ್ಕದ ಮಾತು

ಮಧ್ಯಾಹ್ನ ಊಟವಾದ ಮೇಲೆ ಬಿಲ್ಲುಗಳ ಫೈಲು ತೆರೆದರು. ನಿಯಮ ಸರಳ: ಕೆಲಸ ಹಿಡಿಯುವಾಗ ಅರ್ಧ, ಪುಟ ಜಾಲಕ್ಕೆ ಏರುವ ಮುಂಚೆ ಉಳಿದರ್ಧ. ಕಾಗದದ ಮೇಲೆ ಸರಳ, ವಸೂಲಿಗೆ ಅಲ್ಲ. "ನೋಡೂಣಂತ, ಎಲ್ಲಿ ಓಡಿ ಹೋಗ್ತೀವಿ" ಎನ್ನುವವರೇ ಹೆಚ್ಚು. ದೀಪಾವಳಿಯ ಲಕ್ಷ್ಮೀಪೂಜೆಗೆ ಹಳೆಯ ಖಾತೆ ಮುಗಿಸುವ ವ್ಯಾಪಾರಿ ಅಷ್ಟರೊಳಗೆ ಕೊಟ್ಟುಬಿಡುತ್ತಾನೆ. ತಡ ಮಾಡುವುದು ಸಂಸ್ಥೆಗಳು. ಅಲ್ಲಿ ಬಿಲ್ಲು ಮೇಜಿಂದ ಮೇಜಿಗೆ ಹೋಗಬೇಕು. ಬಂದಾಗಲೂ ವೃತ್ತಿಪರ ಶುಲ್ಕದ ಮೇಲೆ ಶೇ 10 ಟಿಡಿಎಸ್ ಮುರಿದುಕೊಂಡಿರುತ್ತಾರೆ. 60,000ದ ಬಿಲ್ಲಿಗೆ ಖಾತೆಗೆ ಬೀಳುವುದು 54,000. ಉಳಿದದ್ದು ರಿಟರ್ನ್ಸ್ ತುಂಬುವಾಗ ಲೆಕ್ಕಕ್ಕೆ ಸೇರುತ್ತದೆ, ಅಲ್ಲಿಯವರೆಗೆ ಕೈಯಲ್ಲಿಲ್ಲ. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸ್ಥಳೀಯ ಸೇವೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, "ಆ ಚಿಂತಿ ನಮಗಿನ್ನೂ ಬಂದಿಲ್ಲ" ಎಂದು ನಕ್ಕರು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಚೌಕಾಸಿಗೆ ಹೊಸ ಮಾತು ಸಿಕ್ಕಿದೆ: "ಅದು ಪುಕ್ಕಟೆ ಬರೀತದಲ್ರೀ." ಅದು ಬರೆಯುತ್ತದೆ, ಅಕ್ಕಾರೂ ಅಲ್ಲಗಳೆಯುವುದಿಲ್ಲ. ಕೆಲವು ಕರಡು ಕೆಲಸಕ್ಕೆ ಬಳಸುತ್ತಾರೆ ಕೂಡ. ಪುಸ್ತಿಕೆಯ ಸಣ್ಣಪುಟ್ಟ ಕೆಲಸಗಳು ಕಡಿಮೆಯಾದದ್ದೂ ನಿಜ. ಆದರೆ ಆ ಸೀರೆ ಅಂಗಡಿಯ ಮಾಲೀಕರು ಯಂತ್ರಕ್ಕೆ ಕೊಡುತ್ತಿದ್ದದ್ದು ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂಬ ಹಾಳೆಯನ್ನೇ. ಕೊಂಡಿಯ ಮಾತು ಅವರ ಬಾಯಿಂದ ಹೊರಬಿದ್ದದ್ದು ಗಿರಾಕಿಯ ಮೇಲೆ ರೇಗಿದಾಗ.

ರಾತ್ರಿ ಒಂಬತ್ತಕ್ಕೆ ಇನ್ನೊಂದು ಪಾಳಿ. ಅಮೆರಿಕದ ಕನ್ನಡ ಕೂಟವೊಂದರ ಸ್ಮರಣ ಸಂಚಿಕೆಯನ್ನು ಜಾಲಕ್ಕೆ ಹಾಕುವ ಕೆಲಸ ನಡೆದಿದೆ. ಬೇಸಿಗೆಯಲ್ಲಿ ಇಲ್ಲಿನ ರಾತ್ರಿ ಒಂಬತ್ತೆಂದರೆ ನ್ಯೂಜೆರ್ಸಿಯ ಬೆಳಿಗ್ಗೆ ಹನ್ನೊಂದೂವರೆ. ಅಲ್ಲಿಯವರಿಗೆ ಬಿಡುವು ಭಾನುವಾರ, ಹಾಗಾಗಿ ಇವರಿಗೆ ಭಾನುವಾರ ಬಿಡುವಿಲ್ಲ.

ಜಾಲತಾಣ ಮಾಡಿಸುವವರಿಗೆ

ಹೊರಡುವಾಗ, ನಿಮ್ಮ ಹತ್ತಿರ ಬರುವವರು ಏನು ತರಬೇಕು ಎಂದು ಕೇಳಿದೆ. ಉತ್ತರ ಬಾಯಿತುದಿಯಲ್ಲೇ ಇತ್ತು. ಡೊಮೇನ್ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ದುಡ್ಡಲ್ಲಿ ಕೊಳ್ಳಿರಿ. ಮಾಡಿಕೊಟ್ಟವರ ಹೆಸರಲ್ಲಿದ್ದರೆ ನಾಳೆ ಜಗಳವಾದಾಗ ಅಂಗಡಿಯ ವಿಳಾಸವೇ ಅವರ ಕೈಯಲ್ಲಿರುತ್ತದೆ. ವರ್ಷಕ್ಕೊಮ್ಮೆ ನವೀಕರಿಸುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಯಾರಿಗೆ ಯಾವ ಪಾಸ್‌ವರ್ಡ್ ಗೊತ್ತಿದೆ ಎಂದು ಒಂದು ಕಡೆ ಬರೆದಿಡಿರಿ. ಎಷ್ಟು ಸಲ ತಿದ್ದುಪಡಿ ಎಂಬುದನ್ನು ಮೊದಲೇ ಕಾಗದದ ಮೇಲೆ ಮಾತಾಡಿಕೊಳ್ಳಿರಿ. ಧ್ಯೇಯವಾಕ್ಯ ಬರೆಯುವ ಗೋಜಿಗೆ ಹೋಗಬೇಡಿರಿ. ಬದಲಿಗೆ ಅಂಗಡಿಗೆ ಬಂದವರು ಪದೇ ಪದೇ ಕೇಳುವ ಹತ್ತು ಪ್ರಶ್ನೆ, ಅವಕ್ಕೆ ನೀವು ಕೊಡುವ ಉತ್ತರ, ಇವನ್ನು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ತನ್ನಿರಿ.

"ಅಷ್ಟು ತಂದ್ರ ಅರ್ಧಾ ಕೆಲಸ ನೀವ ಮಾಡಿದಂಗ" ಎಂದರು. ಹಾಗಾದರೆ ಬಿಲ್ಲೂ ಅರ್ಧವೇ ಎಂದು ಕೇಳಿದೆ. "ಇಲ್ರೀ," ಎಂದರು ಅಕ್ಕಾರು, "ಪುಟ ಬೇಗ ಆಗ್ತದ, ಅಷ್ಟ."