ಬಳಸಿದ ಗ್ಲೈಡರ್ ಖರೀದಿ: ಮಿತ ಬಂಡವಾಳ, ವಿಶಾಲ ಕಾಕ್‌ಪಿಟ್

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಗ್ಲೈಡರ್ ಖರೀದಿಯಲ್ಲಿ ಎರಡರ್ಥದಲ್ಲಿಯೂ ಸತ್ಯ. ಜರ್ಮನಿಯಲ್ಲಿ 1970 ಮತ್ತು 80ರ ದಶಕಗಳಲ್ಲಿ ತಯಾರಾದ ಫೈಬರ್‌ಗ್ಲಾಸ್ ಗ್ಲೈಡರ್‌ಗಳು ಇಂದಿಗೂ ಹಾರುತ್ತಿದ್ದು, ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ಎತ್ತರದ ಅಥವಾ ದಪ್ಪ ಮೈಕಟ್ಟಿನ ಖರೀದಿದಾರನು ಬೆಲೆಗೂ ಮೊದಲು ಆಸನವನ್ನು ಪರೀಕ್ಷಿಸಬೇಕಾಗುತ್ತದೆ.

1974ರಲ್ಲಿ ಮೊದಲು ಹಾರಿದ ಗ್ರೋಬ್ ಆಸ್ಟಿರ್ ಸಿಎಸ್ ವಿಶಾಲ ಕಾಕ್‌ಪಿಟ್‌ಗೆ ಹೆಸರಾಗಿದೆ. ಇದರ ರೆಕ್ಕೆಗಳ ಹರವು 15 ಮೀಟರ್. ರೆಕ್ಕೆಗಳು ಭಾರವಾಗಿರುವುದರಿಂದ ಜೋಡಣೆಗೆ ಹೆಚ್ಚು ಶ್ರಮ ಬೇಕು. ಗ್ಲಾಸ್‌ಫ್ಲೂಗೆಲ್ ಲಿಬೆಲ್ಲೆ ಹಗುರ, ಆದರೆ ಇಕ್ಕಟ್ಟು. ಒಂದೇ ಹೆಸರಿನ ಮಾದರಿಗಳಲ್ಲಿಯೂ ವ್ಯತ್ಯಾಸವುಂಟು: ಷೆಂಪ್-ಹಿರ್ಟ್ ಡಿಸ್ಕಸ್‌ನ 'ಎ' ಕಿರಿದು, 'ಬಿ' ಅಗಲ. ಆದ್ದರಿಂದ ಪ್ಯಾರಾಶೂಟ್ ಧರಿಸಿ, ಮೇಲ್ಮುಚ್ಚಳವನ್ನು ಮುಚ್ಚಿಸಿಕೊಂಡು ಕುಳಿತು ನೋಡದೆ ಮುಂಗಡ ನೀಡುವುದು ತರವಲ್ಲ.

ಸ್ಥಳವಿದ್ದ ಮಾತ್ರಕ್ಕೆ ತೂಕಕ್ಕೆ ಅನುಮತಿ ದೊರೆಯಿತೆಂದಲ್ಲ. ಆಸ್ಟಿರ್ ಸಿಎಸ್‌ನ ಆಸನದ ಗರಿಷ್ಠ ಭಾರ 110 ಕಿಲೋ. 103 ಕಿಲೋ ತೂಕದ ಚಾಲಕನು 8 ಕಿಲೋ ಪ್ಯಾರಾಶೂಟ್ ಧರಿಸಿದರೆ ಒಂದು ಕಿಲೋ ಮಿತಿ ಮೀರುತ್ತದೆ. ಹಿಂದೆ ನಡೆದ ದುರಸ್ತಿಗಳು ಹಾಗೂ ಸೇರಿಸಿದ ಉಪಕರಣಗಳು ಕೆಲವು ಗ್ಲೈಡರ್‌ಗಳಲ್ಲಿ ಈ ಮಿತಿಯನ್ನು ಇನ್ನೂ ತಗ್ಗಿಸಿರುತ್ತವೆ. ಇತ್ತೀಚಿನ ತೂಕಪತ್ರವನ್ನು ಕೇಳಿ ಪಡೆಯುವುದು ಅವಶ್ಯ.

ಮುಂದಿನದು ಗುಪ್ತ ವೆಚ್ಚಗಳ ಲೆಕ್ಕ. ಬಿಸಿಲಿಗೆ ಹಾಗೂ ಚಳಿಗೆ ಹೊರಮೈಯ ಜೆಲ್‌ಕೋಟ್ ಬಿರುಕು ಬಿಟ್ಟಿದ್ದರೆ, ಅದನ್ನು ಪೂರ್ಣವಾಗಿ ನವೀಕರಿಸುವ ಖರ್ಚು ಹಳೆಯ ಗ್ಲೈಡರ್‌ನ ಬೆಲೆಯನ್ನೇ ಮೀರಬಹುದು. ಹಾರಾಟದ ಗಂಟೆಗಳು 3,000 ಸಮೀಪಿಸಿದ್ದರೆ ಆಸ್ಟಿರ್‌ಗೆ ವಿಶೇಷ ತಪಾಸಣೆ ಎದುರಾಗುತ್ತದೆ. ತುಕ್ಕು ಹಿಡಿದ ಟ್ರೈಲರ್, ಯುರೋಪಿನ 8.33 ಕಿಲೋಹರ್ಟ್ಸ್ ನಿಯಮಕ್ಕೆ ಹೊಂದದ ಹಳೆಯ ರೇಡಿಯೊ ಇವು ಕೂಡ ಖರೀದಿದಾರನ ಹೊಣೆಯೇ.

ಅಗ್ಗದ ಬೆಲೆಯೊಂದನ್ನೇ ನೆಚ್ಚುವವರಿಗೆ ಬ್ಲಾನಿಕ್ ಎಲ್-13 ಒಂದು ಎಚ್ಚರಿಕೆ. 2010ರ ಜೂನ್‌ನಲ್ಲಿ ಆಸ್ಟ್ರಿಯಾದಲ್ಲಿ ಈ ಲೋಹದ ಗ್ಲೈಡರ್‌ನ ರೆಕ್ಕೆ ಹಾರಾಟದಲ್ಲಿಯೇ ಮುರಿದು ಇಬ್ಬರು ಮೃತಪಟ್ಟರು. ಲೋಹದ ದಣಿವು ಕಾರಣವೆಂದು ಕಂಡುಬಂದುದರಿಂದ ಅನೇಕ ದೇಶಗಳಲ್ಲಿ ಈ ಮಾದರಿಯ ಹಾರಾಟ ನಿಂತಿತು. ಮಾಲೀಕರ ಬಂಡವಾಳ ಶೆಡ್ಡುಗಳಲ್ಲಿ ಉಳಿಯಿತು.

ಮೊದಲು ಕುಳಿತು ನೋಡುವುದು, ಬಳಿಕ ತೂಗುವುದು, ಅನಂತರ ದಾಖಲೆ ಪುಸ್ತಕ ಓದುವುದು, ಕೊನೆಗೆ ಚೌಕಾಸಿ: ಈ ಕ್ರಮವನ್ನು ಪಾಲಿಸಿದವರ ಹಣಕ್ಕೂ ಪ್ರಾಣಕ್ಕೂ ರಕ್ಷಣೆ ಹೆಚ್ಚು.